ಹೆಚ್ಚಿನ ವೇಗಕ್ಕಾಗಿ ಪ್ರೊಸೆಸರ್ ಬದಲಿಸಬೇಕೇ?

ಕಂಪ್ಯೂಟರಿನ ಪ್ರೊಸೆಸರನ್ನು ತಯಾರಕರು ನಿಗದಿಪಡಿಸಿದ್ದಕ್ಕಿಂತ ಹೆಚ್ಚಿನ ವೇಗದಲ್ಲಿ ನಡೆಸುವ ಕ್ರಮವನ್ನು ಓವರ್‌ಕ್ಲಾಕಿಂಗ್ ಎಂದು ಕರೆಯಲಾಗುತ್ತದೆ. ಇದನ್ನು ರೂಢಿಸಿಕೊಂಡವರು ಬೇಗನೆ ಒಂದು ಮಿತಿಯನ್ನು ಮುಟ್ಟುತ್ತಾರೆ. ಅಲ್ಲಿಂದಾಚೆ ಯಂತ್ರ ಇದ್ದಕ್ಕಿದ್ದಂತೆ ನಿಂತುಹೋಗುತ್ತದೆ, ಇಲ್ಲವೇ ಶಾಖ ಅಂಕೆ ಮೀರುತ್ತದೆ. ಆಗ ಹುಟ್ಟುವ ಪ್ರಶ್ನೆಯೆಂದರೆ, ಸರಿಯಾಗಿಯೇ ಕೆಲಸ ಮಾಡುತ್ತಿರುವ ಈ ಪ್ರೊಸೆಸರನ್ನು ತೆಗೆದು, ಇನ್ನಷ್ಟು ಏರಬಲ್ಲದೆಂದು ಹೆಸರಾದ ಮತ್ತೊಂದನ್ನು ಕೂರಿಸಬೇಕೇ ಎಂಬುದು. ಮೇಲ್ನೋಟಕ್ಕೆ ಇದು ಕೊಳ್ಳುವ ಸಾಮರ್ಥ್ಯದ ಪ್ರಶ್ನೆಯಂತೆ ಕಂಡರೂ ನಿಜದಲ್ಲಿ ಇದು ಸಂಭವನೀಯತೆಯ ಪ್ರಶ್ನೆ. ಏಕೆಂದರೆ ನಿಗದಿತ ವೇಗವನ್ನು ಮೀರಿ ಏರುವ ಗುಣ ಪ್ರೊಸೆಸರಿನ ಮಾದರಿ ಸಂಖ್ಯೆಯೊಡನೆ ಬರುವ ಖಾತರಿಯಲ್ಲ, ಒಂದೊಂದು ತುಣುಕಿಗೂ ಬೇರೆಯಾಗುವ ಅದೃಷ್ಟ. ಈ ಕಾರಣದಿಂದ ಕೇವಲ ಓವರ್‌ಕ್ಲಾಕಿಂಗ್ ಸಲುವಾಗಿ ಪ್ರೊಸೆಸರ್ ಬದಲಿಸುವುದು, ಕೆಲವೇ ಸ್ಪಷ್ಟ ಸಂದರ್ಭಗಳನ್ನು ಬಿಟ್ಟರೆ, ಸಮರ್ಥನೀಯವಲ್ಲ ಎಂಬುದು ಈ ಲೇಖನದ ವಾದ.

ವಾದದ ಬುಡದಲ್ಲಿರುವುದು ಪ್ರೊಸೆಸರ್ ಕೆಲಸ ಮಾಡುವ ರೀತಿ. ಅದರೊಳಗೆ ಗಡಿಯಾರವೆಂದು ಕರೆಯಲಾಗುವ ವಿದ್ಯುತ್ ಸಂಕೇತವೊಂದು ಸಮಗತಿಯಲ್ಲಿ ಮಿಡಿಯುತ್ತಿರುತ್ತದೆ. 3.6 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 360 ಕೋಟಿ ಮಿಡಿತಗಳು. ಎರಡು ಮಿಡಿತಗಳ ನಡುವಿನ ಬಿಡುವು ಒಂದು ನ್ಯಾನೊಸೆಕೆಂಡಿನ ಕಾಲು ಭಾಗಕ್ಕಿಂತ ತುಸು ಹೆಚ್ಚು, ನ್ಯಾನೊಸೆಕೆಂಡೆಂದರೆ ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲು. ಅಷ್ಟರೊಳಗೆ ಸಂಕೇತಗಳು ಟ್ರಾನ್ಸಿಸ್ಟರುಗಳ ಸಾಲನ್ನು ಹಾದು, ಮುಂದಿನ ಹಂತದಲ್ಲಿ ಸ್ಥಿರವಾದ ಸೊನ್ನೆ ಅಥವಾ ಒಂದಾಗಿ ನೆಲೆಗೊಳ್ಳಬೇಕು. ಇಡೀ ಪ್ರೊಸೆಸರಿನಲ್ಲಿ ಅತಿ ಹೆಚ್ಚು ಸಮಯ ಬೇಡುವ ಇಂಥ ಹಾದಿಯನ್ನು ನಿರ್ಣಾಯಕ ಪಥ ಎನ್ನಬಹುದು. ಪ್ರೊಸೆಸರಿನ ಗರಿಷ್ಠ ವೇಗವನ್ನು ನಿರ್ಧರಿಸುವುದು ಅದೇ. ವೋಲ್ಟೇಜ್ ಹೆಚ್ಚಿಸಿದರೆ ಟ್ರಾನ್ಸಿಸ್ಟರುಗಳು ಬೇಗ ಹೊರಳುವುದರಿಂದ ಮಿತಿ ಸ್ವಲ್ಪ ಮೇಲೇರುತ್ತದೆ. ತಯಾರಕರಾದರೋ ಬೇಸಿಗೆಯ ಬಿಸಿ, ಕಳಪೆ ವಿದ್ಯುತ್ ಪೂರೈಕೆ, ವರ್ಷಗಳ ಸವೆತ ಇವೆಲ್ಲವನ್ನೂ ತಾಳಿಕೊಳ್ಳುವಂತೆ, ಪ್ರೊಸೆಸರ್ ನಿಜವಾಗಿ ಓಡಬಲ್ಲುದಕ್ಕಿಂತ ಕಡಿಮೆ ವೇಗವನ್ನು ಅದರ ಮೇಲೆ ನಮೂದಿಸುತ್ತಾರೆ. ಓವರ್‌ಕ್ಲಾಕಿಂಗ್ ಮಾಡುವವರು ಬಳಸಿಕೊಳ್ಳುವುದು ಈ ಮೀಸಲನ್ನು.

ಮೀಸಲು ಎಲ್ಲ ತುಣುಕುಗಳಲ್ಲೂ ಒಂದೇ ಪ್ರಮಾಣದಲ್ಲಿರುವುದಿಲ್ಲ. ಒಂದೇ ಸಿಲಿಕಾನ್ ಬಿಲ್ಲೆಯಲ್ಲಿ ಕೊರೆದ ನೂರಾರು ತುಣುಕುಗಳಲ್ಲಿ ಗೆರೆಗಳ ದಪ್ಪ, ಬೆರೆಸಿದ ಅನ್ಯವಸ್ತುವಿನ ಪ್ರಮಾಣ, ಪದರಗಳ ತೆಳುವು ಅಣುಗಳ ಮಟ್ಟದಲ್ಲಿ ಹೆಚ್ಚುಕಡಿಮೆಯಾಗುತ್ತವೆ. ತಯಾರಕರು ಪ್ರತಿ ತುಣುಕನ್ನೂ ಪರೀಕ್ಷಿಸಿ, ಅದು ತಲುಪುವ ಮಟ್ಟಕ್ಕೆ ತಕ್ಕಂತೆ ಬೇರೆ ಬೇರೆ ಹೆಸರಿನಲ್ಲಿ, ಬೇರೆ ಬೇರೆ ಬೆಲೆಗೆ ಮಾರುತ್ತಾರೆ. ಈ ವಿಂಗಡಣೆಗೆ ಬಿನ್ನಿಂಗ್ ಎಂದು ಹೆಸರು. ಆದರೆ ವಿಂಗಡಣೆ ಗುಣವನ್ನು ಮಾತ್ರ ಅನುಸರಿಸುವುದಿಲ್ಲ, ಮಾರುಕಟ್ಟೆಯ ಬೇಡಿಕೆಯನ್ನೂ ಅನುಸರಿಸುತ್ತದೆ. ಅಗ್ಗದ ಮಾದರಿಗೆ ಬೇಡಿಕೆ ಹೆಚ್ಚಿದಾಗ ಉತ್ತಮ ತುಣುಕುಗಳೂ ಅಗ್ಗದ ಹೆಸರಿನಲ್ಲಿ ಹೊರಬೀಳುತ್ತವೆ. ಓವರ್‌ಕ್ಲಾಕಿಂಗ್‌ನ ಸುವರ್ಣಕಾಲವನ್ನು ಸೃಷ್ಟಿಸಿದ್ದು ಈ ಅಸಮತೋಲನವೇ.

1998ರಲ್ಲಿ ಬಂದ ಇಂಟೆಲ್ ಸೆಲೆರಾನ್ 300ಎ ಇದಕ್ಕೆ ಪ್ರಸಿದ್ಧ ನಿದರ್ಶನ. ಅಂದಿನ ಪ್ರೊಸೆಸರಿನ ವೇಗ ಎರಡು ಸಂಖ್ಯೆಗಳ ಗುಣಲಬ್ಧವಾಗಿತ್ತು: ಮದರ್‌ಬೋರ್ಡಿನ ಸಂಪರ್ಕ ಮಾರ್ಗವಾದ ಬಸ್ಸಿನ ವೇಗ ಒಂದು, ಪ್ರೊಸೆಸರಿನೊಳಗೆ ನಿಗದಿಯಾದ ಗುಣಕ ಇನ್ನೊಂದು. 300ಎಯಲ್ಲಿ ಬಸ್ಸಿನ ವೇಗ 66 ಮೆಗಾಹರ್ಟ್ಸ್, ಗುಣಕ 4.5. ಬಸ್ಸನ್ನು 100 ಮೆಗಾಹರ್ಟ್ಸ್‌ಗೆ ಏರಿಸಿದರೆ ಪ್ರೊಸೆಸರ್ 450 ಮೆಗಾಹರ್ಟ್ಸ್ ತಲುಪುತ್ತಿತ್ತು, ಮತ್ತು ಬಹಳಷ್ಟು ತುಣುಕುಗಳು ಆ ವೇಗದಲ್ಲಿ ನಿರಾಯಾಸವಾಗಿ ನಡೆದವು. ಅದರ 128 ಕಿಲೋಬೈಟ್ ಕ್ಯಾಶ್, ಅಂದರೆ ಪದೇ ಪದೇ ಬೇಕಾಗುವ ಮಾಹಿತಿಯನ್ನು ಕೈಯಳತೆಯಲ್ಲಿ ಇಟ್ಟುಕೊಳ್ಳುವ ಸ್ಮೃತಿ, ಪ್ರೊಸೆಸರಿನ ಪೂರ್ಣ ವೇಗದಲ್ಲೇ ಓಡುತ್ತಿದ್ದುದರಿಂದ, ಅಗ್ಗದ ಈ ಮಾದರಿ ಎಷ್ಟೋ ಕೆಲಸಗಳಲ್ಲಿ ಹಲವು ಪಟ್ಟು ಬೆಲೆಯ ಪೆಂಟಿಯಮ್ 2ರ ಸರಿಸಮಕ್ಕೆ ನಿಂತಿತು. ನೂರಕ್ಕೆ ಐವತ್ತರಷ್ಟು ಗಳಿಕೆ, ಅದೂ ಹೆಚ್ಚಿನ ತುಣುಕುಗಳಲ್ಲಿ ಸಿಗುವಂಥದ್ದು ಎಂದಾಗ, ಇದ್ದುದನ್ನು ತೆಗೆದು 300ಎ ಕೂರಿಸಿದವರ ನಿರ್ಧಾರವನ್ನು ಯಾರೂ ಆಕ್ಷೇಪಿಸಲಾರರು. ಅಂದು ಸರಿಯಾಗಿದ್ದ ಈ ತೀರ್ಮಾನ, ಅದರ ಆಧಾರಗಳೆಲ್ಲ ಕರಗಿಹೋದ ಮೇಲೂ ರೂಢಿಯಾಗಿ ಉಳಿದುಕೊಂಡಿದೆ.

ಆಧಾರಗಳು ಕರಗತೊಡಗಿದ ಘಟ್ಟವನ್ನು ಕೋರ್ 2 ಕ್ವಾಡ್ ಕ್ಯೂ6600ರ ಚರಿತ್ರೆ ಚೆನ್ನಾಗಿ ತೋರಿಸುತ್ತದೆ. 2007ರ ಆರಂಭದಲ್ಲಿ ಮಾರುಕಟ್ಟೆಗೆ ಬಂದ, 266 ಮೆಗಾಹರ್ಟ್ಸ್ ಬಸ್ಸು ಮತ್ತು 9ರ ಗುಣಕದಿಂದ 2.4 ಗಿಗಾಹರ್ಟ್ಸ್‌ನಲ್ಲಿ ಓಡುತ್ತಿದ್ದ ಈ ಪ್ರೊಸೆಸರಿನ ಮೊದಲ ಆವೃತ್ತಿಯ ಹೆಸರು ಬಿ3. ಅದೇ ವರ್ಷದ ನಡುವೆ ಜಿ0 ಎಂಬ ಪರಿಷ್ಕೃತ ಆವೃತ್ತಿ ಬಂತು. ವಿನ್ಯಾಸದ ಇಂಥ ಸಣ್ಣ ಪರಿಷ್ಕರಣೆಗೆ ಸ್ಟೆಪಿಂಗ್ ಎನ್ನುತ್ತಾರೆ. ಬಿ3ಯ ಶಾಖಮಿತಿ 105 ವ್ಯಾಟ್ ಇದ್ದರೆ ಜಿ0ದ್ದು 95 ವ್ಯಾಟ್. ಹೊರಕವಚ ತಾಳಬಹುದಾದ ಉಷ್ಣತೆ 62 ಡಿಗ್ರಿಯಿಂದ 71 ಡಿಗ್ರಿ ಸೆಲ್ಸಿಯಸ್‌ಗೆ ಏರಿತು. ಬಸ್ಸನ್ನು 400 ಮೆಗಾಹರ್ಟ್ಸ್‌ಗೆ ಕೊಂಡೊಯ್ದು 3.6 ಗಿಗಾಹರ್ಟ್ಸ್ ಮುಟ್ಟಿದ ಜಿ0ಗಳ ಸುದ್ದಿ ಹಬ್ಬಿದಂತೆ, 3.2 ಅಥವಾ 3.3ರ ಆಸುಪಾಸಿನಲ್ಲಿ ಉಸಿರುಕಟ್ಟುತ್ತಿದ್ದ ಬಿ3 ಇಟ್ಟುಕೊಂಡವರು ಅದೇ ಹೆಸರಿನ, ಅದೇ ಬೆಲೆಯ ಹೊಸ ತುಣುಕಿಗಾಗಿ ಹಂಬಲಿಸತೊಡಗಿದರು. ಕವಚದ ಮೇಲೆ ಕೆತ್ತಿದ ಎಸ್‌ಎಲ್‌ಎಸಿಆರ್ ಎಂಬ ಐದಕ್ಷರದ ಸಂಕೇತವನ್ನು ನೋಡಿ ಕೊಳ್ಳುವ ರೂಢಿ ಬೆಳೆದದ್ದು ಆಗಲೇ.

ಈ ಹಂಬಲದಲ್ಲಿ ಅರ್ಥವಿರಲಿಲ್ಲವೆಂದು ಹೇಳಲಾಗದು. ಜಿ0 ಸರಾಸರಿಯಲ್ಲಿ ನಿಜಕ್ಕೂ ತಂಪಾಗಿತ್ತು. ಆದರೆ ಕೊಳ್ಳುವವರ ಕೈಗೆ ಬರುವುದು ಸರಾಸರಿಯಲ್ಲ, ಒಂದೇ ಒಂದು ತುಣುಕು. ಕ್ಯೂ6600ರ ಒಳರಚನೆ ಅನಿಶ್ಚಿತತೆಯನ್ನು ಇನ್ನಷ್ಟು ಹೆಚ್ಚಿಸುತ್ತಿತ್ತು. ಅದು ನಾಲ್ಕು ಕೋರುಗಳ ಒಂದೇ ತುಣುಕಾಗಿರದೆ, ಎರಡೆರಡು ಕೋರುಗಳ ಎರಡು ತುಣುಕುಗಳನ್ನು ಒಂದೇ ಕವಚದಡಿ ಜೋಡಿಸಿದ್ದಾಗಿತ್ತು. ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಲ್ಲಿ ಬಂಡಿಯ ವೇಗವನ್ನು ನಿಧಾನದ ಎತ್ತು ನಿರ್ಧರಿಸುವಂತೆ, ಇಲ್ಲಿಯೂ ನಾಲ್ಕು ಕೋರುಗಳಲ್ಲಿ ಅತಿ ದುರ್ಬಲವಾದುದೇ ಇಡೀ ಪ್ರೊಸೆಸರಿನ ಮಿತಿಯಾಗುತ್ತಿತ್ತು. ಕಾರ್ಖಾನೆಯಲ್ಲೇ ಪ್ರತಿ ತುಣುಕಿಗೆ ಬರೆದಿಡುವ ಮೂಲ ವೋಲ್ಟೇಜಿನ ಸೂಚ್ಯಂಕವಾದ ವಿಐಡಿ ಕಡಿಮೆಯಿದ್ದರೆ ತುಣುಕು ಒಳ್ಳೆಯದೆಂಬ ನಂಬಿಕೆಯಿತ್ತು. ಅದರಲ್ಲಿ ಸತ್ಯಾಂಶವಿದ್ದರೂ ವಿಐಡಿಯನ್ನು ಓದಲು ಪ್ರೊಸೆಸರನ್ನು ಮೊದಲು ಕೊಂಡು ಕೂರಿಸಬೇಕಾಗಿತ್ತು. ನಿರ್ಧಾರಕ್ಕೆ ಬೇಕಾದ ಮಾಹಿತಿ ನಿರ್ಧಾರವಾದ ಮೇಲೆ ಮಾತ್ರ ಸಿಗುವ ಸನ್ನಿವೇಶವಿದು, ಮತ್ತು ಪ್ರೊಸೆಸರ್ ಬದಲಾವಣೆಯ ಎಲ್ಲ ಸಂದರ್ಭಗಳಲ್ಲೂ ಇದು ಹೆಚ್ಚುಕಡಿಮೆ ಹೀಗೆಯೇ ಇರುತ್ತದೆ.

ಇನ್ನೂ ಮುಖ್ಯವಾದ ಸಂಗತಿಯೊಂದಿದೆ: ತಡೆಯಾಗಿರುವುದು ಪ್ರೊಸೆಸರೇ ಎಂದು ಖಚಿತಪಡಿಸಿಕೊಳ್ಳದೆ ಅದನ್ನು ಬದಲಿಸುವವರ ಸಂಖ್ಯೆ ದೊಡ್ಡದು. ಕ್ಯೂ6600 3.6 ಮುಟ್ಟಬೇಕಾದರೆ ಬಸ್ಸು 400 ಮೆಗಾಹರ್ಟ್ಸ್‌ನಲ್ಲಿ ಓಡಬೇಕಿತ್ತು. ನಾಲ್ಕು ಕೋರಿನ ಪ್ರೊಸೆಸರನ್ನು ಹೊತ್ತು ಆ ವೇಗವನ್ನು ತಾಳುವ ಶಕ್ತಿ ಎಷ್ಟೋ ಮದರ್‌ಬೋರ್ಡುಗಳಿಗಿರಲಿಲ್ಲ. ಅಂಥ ಬೋರ್ಡಿನ ಮೇಲೆ ಅತ್ಯುತ್ತಮ ಜಿ0 ಕೂರಿಸಿದರೂ ಫಲ ಒಂದೇ. ಇದನ್ನು ಪತ್ತೆಹಚ್ಚುವ ದಾರಿ ಸರಳವಾಗಿತ್ತು. ಗುಣಕವನ್ನು 9ರಿಂದ 6ಕ್ಕೆ ಇಳಿಸಿ ಬಸ್ಸನ್ನು 400ಕ್ಕೆ ಏರಿಸಿದರೆ ಪ್ರೊಸೆಸರ್ ತನ್ನ ಸಹಜ ವೇಗವಾದ 2.4ರಲ್ಲೇ ಇರುತ್ತದೆ, ಆ ಸ್ಥಿತಿಯಲ್ಲೂ ಯಂತ್ರ ತಡವರಿಸಿದರೆ ದೋಷ ಬೋರ್ಡಿನದು ಅಥವಾ ಮೆಮೊರಿಯದು, ಸ್ಥಿರವಾಗಿ ನಡೆದರೆ ಮಾತ್ರ ಪ್ರೊಸೆಸರಿನ ಕಡೆಗೆ ಬೆರಳು ತೋರಿಸಬಹುದು. ಅನಂತರ ಉಷ್ಣತೆಯನ್ನು ನೋಡಬೇಕು. ಕಡಿಮೆ ಉಷ್ಣತೆಯಲ್ಲೇ ಪ್ರೊಸೆಸರ್ ತಪ್ಪು ಮಾಡುತ್ತಿದ್ದರೆ ಅದರ ಮಿತಿ ಬಂದಿದೆ ಎಂದರ್ಥ. ಉಷ್ಣತೆ ಏರಿದ ಮೇಲೆ ತಪ್ಪು ಮಾಡುತ್ತಿದ್ದರೆ, ಒಳ್ಳೆಯ ಕೂಲರಿಗೆ ಅಥವಾ ಪೆಟ್ಟಿಗೆಯೊಳಗಿನ ಗಾಳಿಯ ಸಂಚಾರವನ್ನು ಸರಿಪಡಿಸುವುದಕ್ಕೆ ಕೊಟ್ಟ ಹಣ ಹೊಸ ಪ್ರೊಸೆಸರಿಗೆ ಕೊಟ್ಟ ಹಣಕ್ಕಿಂತ ಹೆಚ್ಚು ಫಲ ಕೊಡುತ್ತದೆ. ಮಾದರಿಗಳು ಹಳೆಯವಾದರೂ, ಒಂದು ಅಂಶವನ್ನು ಸ್ಥಿರವಾಗಿಟ್ಟು ಇನ್ನೊಂದನ್ನು ಬದಲಿಸಿ ನೋಡುವ ಈ ವಿಧಾನ ಇಂದಿಗೂ ಸಲ್ಲುತ್ತದೆ, ಮತ್ತು ಖರ್ಚಿಲ್ಲದ ಈ ಪರೀಕ್ಷೆಯನ್ನು ಮುಗಿಸದೆ ಅಂಗಡಿಯ ಮೆಟ್ಟಿಲು ಹತ್ತುವುದು ತರವಲ್ಲ.

ಶಾಖದ ಲೆಕ್ಕವನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಬದಲಾವಣೆಯ ಆಸೆ ಹೆಚ್ಚಾಗಿ ಸೋಲುವುದು ಇಲ್ಲೇ. ಟ್ರಾನ್ಸಿಸ್ಟರುಗಳು ಹೊರಳುವಾಗ ಖರ್ಚಾಗುವ ವಿದ್ಯುತ್ತು ವೇಗಕ್ಕೆ ನೇರ ಅನುಪಾತದಲ್ಲಿಯೂ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿಯೂ ಏರುತ್ತದೆ. ಪ್ರೊಸೆಸರೊಂದು 3.0 ಗಿಗಾಹರ್ಟ್ಸ್‌ಗೆ 1.25 ವೋಲ್ಟ್ ಕೇಳಿ, 3.6ಕ್ಕೆ 1.40 ವೋಲ್ಟ್ ಕೇಳುತ್ತದೆಂದು ಭಾವಿಸಿದರೆ, ವೇಗ ನೂರಕ್ಕೆ ಇಪ್ಪತ್ತರಷ್ಟು ಹೆಚ್ಚುವಾಗ ವಿದ್ಯುತ್ತಿನ ಖರ್ಚು ಸುಮಾರು ಒಂದೂವರೆ ಪಟ್ಟಾಗುತ್ತದೆ. ಉಷ್ಣತೆ ಏರಿದಂತೆ ಟ್ರಾನ್ಸಿಸ್ಟರುಗಳ ಮೂಲಕ ಸುಮ್ಮನೆ ಸೋರುವ ವಿದ್ಯುತ್ತು ಇದರ ಮೇಲೆ ಸೇರುತ್ತದೆ. ಹೀಗೆ ಹುಟ್ಟಿದ ಶಾಖವನ್ನು ಕೂಲರ್ ಕೋಣೆಯ ಗಾಳಿಗೆ ಬಿಡಬೇಕಾದ್ದರಿಂದ, ಪ್ರೊಸೆಸರ್ ಎಂದೂ ಕೋಣೆಗಿಂತ ತಂಪಾಗಿರಲಾರದು. ಪ್ರಪಂಚದೆಲ್ಲೆಡೆ ಓದಲಾಗುವ ಪರೀಕ್ಷಾ ವರದಿಗಳು ಬಹುಮಟ್ಟಿಗೆ ಇಪ್ಪತ್ತು ಚಿಲ್ಲರೆ ಡಿಗ್ರಿಯ ಕೋಣೆಗಳಲ್ಲಿ ಸಿದ್ಧವಾಗುತ್ತವೆ. ರಾಯಚೂರು, ಕಲಬುರಗಿಗಳ ಏಪ್ರಿಲ್, ಮೇ ತಿಂಗಳುಗಳಲ್ಲಿ ಹೊರಗೆ 40 ಡಿಗ್ರಿ ದಾಟಿದಾಗ, ಹವಾನಿಯಂತ್ರಣವಿಲ್ಲದ ಮನೆಯಲ್ಲಿ ಅದೇ ಪ್ರೊಸೆಸರ್, ಅದೇ ಕೂಲರ್ ಹದಿನೈದು ಡಿಗ್ರಿ ಹೆಚ್ಚು ಬಿಸಿಯಲ್ಲಿ ದುಡಿಯಬೇಕಾಗಬಹುದು. ಬೆಂಗಳೂರಿನ ಡಿಸೆಂಬರಿನಲ್ಲಿ ಸ್ಥಿರವೆನಿಸಿದ ವೇಗ ರಾಯಚೂರಿನ ಬೇಸಿಗೆಯಲ್ಲಿ ಸ್ಥಿರವಾಗಿ ಉಳಿಯಲಾರದು. ಪರದೇಶದ ವರದಿಯ ಅಂಕಿಯನ್ನು ನಂಬಿ ಪ್ರೊಸೆಸರ್ ಬದಲಿಸುವ ಕನ್ನಡನಾಡಿನ ಓದುಗರು ಈ ವ್ಯತ್ಯಾಸವನ್ನು ಮೊದಲೇ ಕಳೆದು ನೋಡಬೇಕು.

ಗಳಿಕೆಯ ಕಡೆ ಏನಿದೆ? 3.3ರಲ್ಲಿ ನಿಂತಿದ್ದ ಬಿ3ಯ ಬದಲು 3.6 ತಲುಪುವ ಜಿ0 ಸಿಕ್ಕಿತೆಂದೇ ಇಟ್ಟುಕೊಂಡರೂ ಹೆಚ್ಚಳ ನೂರಕ್ಕೆ ಒಂಬತ್ತು. ಒಂದು ಗಂಟೆ ಹಿಡಿಯುವ ವಿಡಿಯೊ ಪರಿವರ್ತನೆಯಂಥ, ಸಂಪೂರ್ಣವಾಗಿ ಪ್ರೊಸೆಸರನ್ನೇ ಅವಲಂಬಿಸಿದ ಕೆಲಸದಲ್ಲಿ ಇದರಿಂದ ಉಳಿಯುವುದು ಐದು ನಿಮಿಷ. ಅರ್ಧ ಭಾಗ ಮಾತ್ರ ಪ್ರೊಸೆಸರಿನ ವೇಗವನ್ನು ಅವಲಂಬಿಸಿದ ಕೆಲಸವಾದರೆ ಉಳಿತಾಯ ಎರಡೂವರೆ ನಿಮಿಷಕ್ಕೆ ಇಳಿಯುತ್ತದೆ. ಒಂದು ಕೆಲಸದ ಯಾವ ಭಾಗವನ್ನು ಚುರುಕುಗೊಳಿಸಿದರೂ ಒಟ್ಟು ಲಾಭಕ್ಕೆ ಉಳಿದ ಭಾಗವೇ ಎಲ್ಲೆಯಾಗುತ್ತದೆಂಬ, 1967ರಲ್ಲಿ ಜೀನ್ ಆಮ್ಡಾಲ್ ಮುಂದಿಟ್ಟ ತರ್ಕ ಇಲ್ಲಿಯೂ ನಿಲ್ಲುತ್ತದೆ. ಚಿತ್ರಗಳನ್ನು ಮೂಡಿಸುವ ಗ್ರಾಫಿಕ್ಸ್ ಕಾರ್ಡಿನ ಮೇಲೆ ಭಾರ ಬೀಳುವ ಆಟಗಳಲ್ಲಿ ಈ ಒಂಬತ್ತು ಕಣ್ಣಿಗೆ ಕಾಣುವುದೇ ಇಲ್ಲ.

ಕಾಣದೆ ಹೋಗುವ ನಷ್ಟವೂ ಒಂದಿದೆ. ಮಿತಿಯ ಅಂಚಿನಲ್ಲಿ ಓಡುವ ಪ್ರೊಸೆಸರ್ ಯಾವಾಗಲೂ ಯಂತ್ರವನ್ನು ನಿಲ್ಲಿಸಿ ತನ್ನ ತಪ್ಪನ್ನು ಸಾರುವುದಿಲ್ಲ. ಕೆಲವೊಮ್ಮೆ ಒಂದು ಗುಣಾಕಾರದ ಫಲವನ್ನು ತಪ್ಪಾಗಿ ಬರೆದು ಸದ್ದಿಲ್ಲದೆ ಮುಂದೆ ಸಾಗುತ್ತದೆ. ಪ್ರೈಮ್95ರಂಥ ಪರೀಕ್ಷೆಗಳು ತಿಳಿದ ಉತ್ತರದೊಡನೆ ಲೆಕ್ಕವನ್ನು ಹೋಲಿಸುವುದು ಇಂಥ ತಪ್ಪುಗಳನ್ನು ಹಿಡಿಯುವುದಕ್ಕಾಗಿಯೇ. ಸಂಶೋಧನೆಯ ದತ್ತಾಂಶ, ಲೆಕ್ಕಪತ್ರ, ಕುಟುಂಬದ ಛಾಯಾಚಿತ್ರಗಳ ಸಂಗ್ರಹ ಇರುವ ಯಂತ್ರದಲ್ಲಿ ನೂರಕ್ಕೆ ಒಂಬತ್ತರ ವೇಗಕ್ಕಾಗಿ ಇಂಥ ಮೌನದೋಷದ ಸಾಧ್ಯತೆಯನ್ನು ಒಪ್ಪಿಕೊಳ್ಳುವುದು ವಿವೇಕವಲ್ಲ.

ಇದಕ್ಕೆ ಪ್ರತಿಯಾಗಿ, ಸ್ಟೆಪಿಂಗ್ ಬದಲಿಸುವುದು ಬೇಡವಾದರೆ ಹೊಸ ಪೀಳಿಗೆಗೇ ಹೋಗಬಹುದಲ್ಲ ಎಂದು ಕೇಳಬಹುದು. 2012ರ ಅನುಭವ ಇದಕ್ಕೆ ಉತ್ತರ ಕೊಡುತ್ತದೆ. ಹಿಂದಿನ ವರ್ಷ ಬಂದಿದ್ದ ಸ್ಯಾಂಡಿ ಬ್ರಿಜ್ ಪೀಳಿಗೆಯ ಐ5-2500ಕೆ ಒಳ್ಳೆಯ ಕೂಲರಿನಡಿ 4.5 ಗಿಗಾಹರ್ಟ್ಸ್ ಮುಟ್ಟುವುದು ಸಾಮಾನ್ಯವಾಗಿತ್ತು. ಅದೇ ಸಾಕೆಟ್ಟಿಗೆ ಹೊಂದುವ, 22 ನ್ಯಾನೊಮೀಟರ್ ತಂತ್ರದ ಐವಿ ಬ್ರಿಜ್ ಬಂದಾಗ ಇನ್ನೂ ಮೇಲೇರುವ ನಿರೀಕ್ಷೆ ಸಹಜವಾಗಿತ್ತು. ಆದರೆ ತುಣುಕು ಚಿಕ್ಕದಾದಷ್ಟೂ ಶಾಖ ಕಡಿಮೆ ಜಾಗದಲ್ಲಿ ಒತ್ತರಿಸಿತು. ಜೊತೆಗೆ ತುಣುಕಿಗೂ ಲೋಹದ ಕವಚಕ್ಕೂ ನಡುವೆ ಬೆಸುಗೆಯ ಬದಲು ಶಾಖವಾಹಕ ಪೇಸ್ಟನ್ನು ಬಳಸಲಾಗಿತ್ತು. ಪರಿಣಾಮವಾಗಿ ಹೊಸ ಪ್ರೊಸೆಸರ್ ಗಾಳಿಯ ತಂಪಿನಲ್ಲಿ ಹಳೆಯದಕ್ಕಿಂತ ಹೆಚ್ಚು ಬಿಸಿಯಾಗಿ, ಎಷ್ಟೋ ಸಲ ಅದಕ್ಕಿಂತ ಕೆಳಗೇ ನಿಂತಿತು. ಒಂದೊಂದು ಮಿಡಿತದಲ್ಲಿ ಅದು ಸುಮಾರು ನೂರಕ್ಕೆ ಐದರಷ್ಟು ಹೆಚ್ಚು ಕೆಲಸ ಮಾಡುತ್ತಿದ್ದುದರಿಂದ ಕೊನೆಯ ಲೆಕ್ಕ ಸರಿಸಮವಾಯಿತಷ್ಟೇ.

ಸ್ಯಾಂಡಿ ಬ್ರಿಜ್ ಕಾಲದಲ್ಲೇ ಬದಲಾವಣೆಯನ್ನು ನಿಜವಾಗಿ ಸಮರ್ಥಿಸುವ ಒಂದು ಸಂದರ್ಭವೂ ಇತ್ತೆಂಬುದನ್ನು ಇಲ್ಲಿ ಹೇಳಲೇಬೇಕು. ಆ ಪೀಳಿಗೆಯಲ್ಲಿ 100 ಮೆಗಾಹರ್ಟ್ಸ್‌ನ ಮೂಲ ಗಡಿಯಾರಕ್ಕೆ ಯಂತ್ರದ ಇತರ ಸಂಪರ್ಕಗಳನ್ನೂ ಕಟ್ಟಿಹಾಕಿದ್ದರಿಂದ ಅದನ್ನು ಕೆಲವು ಅಂಶಗಳಷ್ಟೇ ಅಲುಗಿಸಬಹುದಿತ್ತು. ಏರಿಕೆಯ ದಾರಿ ಗುಣಕವೊಂದೇ. ಹೆಸರಿನ ಕೊನೆಗೆ ಕೆ ಅಕ್ಷರವಿರುವ ಮಾದರಿಗಳಲ್ಲಿ ಮಾತ್ರ ಗುಣಕ ಪೂರ್ತಿ ಮುಕ್ತವಾಗಿತ್ತು. ಐ5-2400ರಲ್ಲಿ ಅದನ್ನು ನಾಲ್ಕೇ ಮೆಟ್ಟಿಲು ಏರಿಸಿ 3.8 ಗಿಗಾಹರ್ಟ್ಸ್‌ವರೆಗೆ ಹೋಗಬಹುದಿತ್ತು. ಓವರ್‌ಕ್ಲಾಕಿಂಗ್‌ಗೆ ತಕ್ಕ ಬೋರ್ಡೂ ಕೂಲರೂ ಇದ್ದು ಅಂಥ ಪ್ರೊಸೆಸರ್ ಹೊಂದಿದ್ದವರಿಗೆ ಕೆ ಮಾದರಿಗೆ ಹೋಗುವುದು ಜೂಜಾಗಿರಲಿಲ್ಲ. ತಡೆ ಯಾವುದೆಂಬುದು ಗೊತ್ತಿತ್ತು, ಬದಲಾವಣೆ ಅದನ್ನು ಖಂಡಿತವಾಗಿ ತೆಗೆಯುತ್ತಿತ್ತು. ಸಮರ್ಥನೀಯ ಬದಲಾವಣೆಗೂ ಅಲ್ಲದ್ದಕ್ಕೂ ಇರುವ ಗೆರೆ ಇದೇ.

ಕಳೆದ ಹದಿನೈದು ವರ್ಷಗಳಲ್ಲಿ ಈ ಗೆರೆಯ ಆಚೆಗಿನ ಜಾಗ ಇನ್ನೂ ಕಿರಿದಾಗಿದೆ, ಏಕೆಂದರೆ ಮೀಸಲನ್ನು ಈಗ ತಯಾರಕರೇ ಬಳಸಿ ಮಾರುತ್ತಾರೆ. 2008ರ ಕೊನೆಯಲ್ಲಿ ಇಂಟೆಲ್ ತಂದ ಟರ್ಬೊ ಬೂಸ್ಟ್, ಶಾಖಕ್ಕೂ ವಿದ್ಯುತ್ತಿಗೂ ಅವಕಾಶವಿದ್ದಾಗ ವೇಗವನ್ನು ತಾನಾಗಿ ಏರಿಸುವ ವ್ಯವಸ್ಥೆ. ಎಎಮ್‌ಡಿಯ ಪ್ರೊಸೆಸರುಗಳಲ್ಲೂ ಇಂಥದೇ ವ್ಯವಸ್ಥೆಯಿದೆ. 2023ರ ಐ9-14900ಕೆ ಪೆಟ್ಟಿಗೆಯಿಂದ ಹೊರಬರುವಾಗಲೇ ಒಂದೆರಡು ಕೋರುಗಳಲ್ಲಿ 6 ಗಿಗಾಹರ್ಟ್ಸ್ ಮುಟ್ಟುತ್ತದೆ. ಅದರ ಮೇಲೆ ಬಳಕೆದಾರರಿಗೆ ಉಳಿದಿರುವುದು ಅತ್ಯಲ್ಪ. ಪ್ರೊಸೆಸರುಗಳನ್ನು ಒಂದೊಂದಾಗಿ ಪರೀಕ್ಷಿಸಿ, ಹೆಚ್ಚು ಏರುವವನ್ನು ಆರಿಸಿ ಮಾರುವುದನ್ನೇ ವ್ಯಾಪಾರ ಮಾಡಿಕೊಂಡಿದ್ದ ಅಮೆರಿಕದ ಸಿಲಿಕಾನ್ ಲಾಟರಿ ಎಂಬ ಸಂಸ್ಥೆ 2021ರಲ್ಲಿ ಬಾಗಿಲು ಮುಚ್ಚಿತು. ಓವರ್‌ಕ್ಲಾಕಿಂಗ್‌ಗೆ ಉಳಿದಿರುವ ಅವಕಾಶ ಕುಗ್ಗಿದ್ದೇ ಅದು ಕೊಟ್ಟ ಕಾರಣ. ಮೀಸಲನ್ನು ಪೂರ್ತಿ ಹಿಂಡಿದರೆ ಏನಾಗುತ್ತದೆಂಬುದನ್ನು ಇಂಟೆಲ್‌ನ 13 ಮತ್ತು 14ನೇ ಪೀಳಿಗೆಗಳು ತೋರಿಸಿಕೊಟ್ಟವು. ನಿಗದಿತ ವೇಗದಲ್ಲೇ ಓಡುತ್ತಿದ್ದ ಎಷ್ಟೋ ಪ್ರೊಸೆಸರುಗಳು ಕಾಲಕ್ರಮೇಣ ಅಸ್ಥಿರವಾದವು. ಹೆಚ್ಚಿನ ವೋಲ್ಟೇಜು ಮತ್ತು ಉಷ್ಣತೆಯಿಂದ ಕೋರಿನೊಳಗೆ ಗಡಿಯಾರದ ಸಂಕೇತವನ್ನು ಹಂಚುವ ಮಂಡಲ ಸವೆಯುತ್ತಿರುವುದು ಇದಕ್ಕೆ ಕಾರಣವೆಂದು 2024ರಲ್ಲಿ ಕಂಪನಿಯೇ ತಿಳಿಸಿ, ತಿದ್ದುಪಡಿಗಳನ್ನು ಬಿಡುಗಡೆ ಮಾಡಿ, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಕಾರ್ಖಾನೆಯ ಮಿತಿಯೊಳಗೇ ಇಂಥ ಸವೆತ ಸಾಧ್ಯವಿರುವಾಗ, ಅದನ್ನು ಮೀರುವ ಸಲುವಾಗಿ ಹೊಸ ಪ್ರೊಸೆಸರ್ ಕೊಳ್ಳುವ ತರ್ಕ ನಿಲ್ಲುವುದು ಕಷ್ಟ.

ವೇಗದ ಅಂಕಿಯೇ ಸಾಮರ್ಥ್ಯವಲ್ಲವೆಂಬುದಕ್ಕೆ 2022ರಲ್ಲಿ ಎಎಮ್‌ಡಿ ತಂದ ರೈಜೆನ್ 7 5800ಎಕ್ಸ್3ಡಿ ಸಾಕ್ಷಿ. ಸಾಂಪ್ರದಾಯಿಕ ಓವರ್‌ಕ್ಲಾಕಿಂಗ್‌ಗೆ ಬೀಗ ಹಾಕಿದ, ತನ್ನ ಸೋದರ ಮಾದರಿಗಿಂತ ಕಡಿಮೆ ವೇಗದ ಈ ಪ್ರೊಸೆಸರ್, ಮೂಲ ತುಣುಕಿನ ಮೇಲೆ ಪೇರಿಸಿದ ಕ್ಯಾಶಿನಿಂದ ಒಟ್ಟು 96 ಮೆಗಾಬೈಟ್ ಕ್ಯಾಶ್ ಪಡೆದು, ಆಟಗಳಲ್ಲಿ ತನಗಿಂತ ವೇಗದವನ್ನು ಹಿಂದೆ ಹಾಕಿತು. ಅದೇ ಸಾಕೆಟ್ಟಿನ ಹಳೆಯ ರೈಜೆನ್ ಇಟ್ಟುಕೊಂಡವರು ಇದಕ್ಕೆ ಬದಲಾದದ್ದು ನ್ಯಾಯವಾದ ನಿರ್ಧಾರ. ಹೆಚ್ಚು ಕೋರು, ದೊಡ್ಡ ಕ್ಯಾಶ್, ಮಿಡಿತಕ್ಕೆ ಹೆಚ್ಚು ಕೆಲಸ ಮಾಡುವ ವಿನ್ಯಾಸ ಇವು ಪ್ರತಿಯೊಂದು ತುಣುಕಿನಲ್ಲೂ ಖಚಿತವಾಗಿ ಸಿಗುವ ಗುಣಗಳು. ಹಣ ಕೊಡಬೇಕಾದದ್ದು ಅವಕ್ಕೆ.

ಓವರ್‌ಕ್ಲಾಕಿಂಗ್ ಲೆಕ್ಕಾಚಾರ ಮಾತ್ರವಲ್ಲ, ಅದೊಂದು ಕಲಿಕೆ ಮತ್ತು ಸಂತೋಷವೆಂಬ ಆಕ್ಷೇಪಕ್ಕೆ ಬೆಲೆ ಕೊಡಲೇಬೇಕು. ವೋಲ್ಟೇಜಿಗೂ ವೇಗಕ್ಕೂ ಶಾಖಕ್ಕೂ ಇರುವ ಸಂಬಂಧವನ್ನು ಕೈಯಾರೆ ಕಲಿತ ವಿದ್ಯಾರ್ಥಿಗೆ ಯಂತ್ರದ ಒಳಗು ಪಠ್ಯಪುಸ್ತಕಕ್ಕಿಂತ ಚೆನ್ನಾಗಿ ತಿಳಿದಿರುತ್ತದೆ. ಆದರೆ ಆ ಕಲಿಕೆಯ ಸಾರವಿರುವುದು ಕೈಗೆ ಬಂದ ತುಣುಕಿನ ಸ್ವಭಾವವನ್ನು ಅರಿತು, ಅದರ ಮಿತಿಯನ್ನು ತಾಳ್ಮೆಯಿಂದ ಹುಡುಕುವುದರಲ್ಲಿ. ಒಲ್ಲದ ತುಣುಕನ್ನು ಬಿಸಾಡಿ ಇನ್ನೊಂದನ್ನು ತಂದರೆ ಹುಡುಕಾಟ ಮೊದಲಿನಿಂದ ಶುರುವಾಗುತ್ತದೆಯೇ ಹೊರತು ಕೌಶಲ ಬೆಳೆಯುವುದಿಲ್ಲ.

ಕೊನೆಗೆ, ತೆಗೆದಿಟ್ಟ ಪ್ರೊಸೆಸರ್ ಎಲ್ಲಿಗೆ ಹೋಗುತ್ತದೆಂಬ ಪ್ರಶ್ನೆಯನ್ನು ಬದಲಿಸುವವರು ಕೇಳಿಕೊಳ್ಳುವುದು ಅಪರೂಪ. ನಿರೀಕ್ಷೆಯಷ್ಟು ಏರದ ಹೊಸ ತುಣುಕನ್ನು ದೋಷವಿದೆಯೆಂದು ಹೇಳಿ ಅಂಗಡಿಗೆ ಮರಳಿಸುವ ಅಭ್ಯಾಸ ಕೆಲವರಲ್ಲಿದೆ. ನಿಗದಿತ ವೇಗದಲ್ಲಿ ಸರಿಯಾಗಿ ನಡೆಯುವ ಪ್ರೊಸೆಸರಿನಲ್ಲಿ ದೋಷವಿಲ್ಲವಾದ್ದರಿಂದ ಅದು ನೇರವಾದ ಸುಳ್ಳು, ಅದರ ನಷ್ಟ ಹೊರುವವರು ಸಣ್ಣ ವ್ಯಾಪಾರಿಗಳು. ಇನ್ನುಳಿದವು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಮಾರುಕಟ್ಟೆಗಳ ಮೂಲಕ, ಕಡಿಮೆ ಹಣದಲ್ಲಿ ಕಂಪ್ಯೂಟರ್ ಕಟ್ಟಿಕೊಳ್ಳುವ ಮತ್ತೊಬ್ಬರ ಮನೆ ಸೇರುತ್ತವೆ. ಅಧಿಕ ವೋಲ್ಟೇಜಿನಲ್ಲಿ ತಿಂಗಳುಗಟ್ಟಲೆ ದುಡಿದ ತುಣುಕಿನ ಸೂಕ್ಷ್ಮ ತಂತಿಗಳಲ್ಲಿ ಲೋಹದ ಪರಮಾಣುಗಳು ವಿದ್ಯುತ್ ಪ್ರವಾಹದ ತಳ್ಳುವಿಕೆಯಿಂದ ಸರಿದು ತಂತಿ ಸವೆದಿರಬಹುದು, ಮತ್ತು ಈ ಸವೆತ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಪ್ರೊಸೆಸರ್ ಬದಲಿಸಲೇಬೇಕೆಂದು ನಿರ್ಧರಿಸಿದವರು, ಹಳೆಯದನ್ನು ಮಾರುವಾಗ ಅದನ್ನು ಯಾವ ವೇಗದಲ್ಲಿ, ಯಾವ ವೋಲ್ಟೇಜಿನಲ್ಲಿ, ಎಷ್ಟು ಕಾಲ ನಡೆಸಲಾಗಿತ್ತೆಂಬುದನ್ನು ಒಂದು ಚೀಟಿಯಲ್ಲಿ ಬರೆದು ಕೊಳ್ಳುವವರ ಕೈಗೆ ಕೊಡಬೇಕು.